ಸಣ್ಣ ವ್ಯಾಪಾರದ ಜಾಲತಾಣಕ್ಕೆ ಪ್ಲಗಿನ್: ಅಳವಡಿಸುವ ಮುನ್ನ ಅರಿಯಬೇಕಾದದ್ದು

ಅಂತರಜಾಲದಲ್ಲಿ ಸ್ವಂತ ತಾಣ ಹೊಂದುವುದು ಒಂದು ಕಾಲಕ್ಕೆ ದೊಡ್ಡ ಸಂಸ್ಥೆಗಳಿಗೆ ಮಾತ್ರ ಎಟುಕುತ್ತಿದ್ದ ಸಂಗತಿ. ಇಂದು ಚನ್ನಪಟ್ಟಣದ ಗೊಂಬೆ ತಯಾರಕರು, ಇಳಕಲ್ ಸೀರೆಯ ವರ್ತಕರು, ಚಿಕ್ಕಮಗಳೂರಿನ ಹೋಂಸ್ಟೇ ಮಾಲೀಕರೂ ತಮ್ಮದೇ ಜಾಲತಾಣದ ಮೂಲಕ ಗ್ರಾಹಕರನ್ನು ತಲುಪಬಹುದಾಗಿದೆ. ಇದನ್ನು ಸುಲಭವಾಗಿಸಿದ ತಂತ್ರಾಂಶಗಳ ಪೈಕಿ ವರ್ಡ್‌ಪ್ರೆಸ್ ಪ್ರಮುಖವಾದುದು. ವಿಶ್ವದ ಜಾಲತಾಣಗಳಲ್ಲಿ ಸುಮಾರು ಶೇ. 40ರಷ್ಟು ಇದನ್ನೇ ಆಧರಿಸಿವೆ. ಈ ತಂತ್ರಾಂಶದ ಬಲವಿರುವುದು ಪ್ಲಗಿನ್‌ಗಳಲ್ಲಿ. ಅದರ ದೌರ್ಬಲ್ಯವೂ ಬಹುಪಾಲು ಅಲ್ಲಿಯೇ ಇದೆ.

ಪ್ಲಗಿನ್ ಎಂದರೇನು?

ಅಮೆರಿಕದ ಮ್ಯಾಟ್ ಮಲೆನ್ವೆಗ್ ಮತ್ತು ಬ್ರಿಟನ್ನಿನ ಮೈಕ್ ಲಿಟಲ್ ರೂಪಿಸಿದ ವರ್ಡ್‌ಪ್ರೆಸ್‌ನ ಮೊದಲ ಆವೃತ್ತಿ 2003ರ ಮೇ 27ರಂದು ಹೊರಬಂದಿತು. ಮರುವರ್ಷ ಬಂದ 1.2 ಆವೃತ್ತಿಯಲ್ಲಿ ಪ್ಲಗಿನ್ ಸೌಲಭ್ಯ ಸೇರಿಕೊಂಡಿತು. ಮೂಲ ತಂತ್ರಾಂಶವನ್ನು ತಿದ್ದದೆಯೇ ಅದಕ್ಕೆ ಹೊಸ ಸಾಮರ್ಥ್ಯ ಜೋಡಿಸುವ ಪುಟ್ಟ ತಂತ್ರಾಂಶವೇ ಪ್ಲಗಿನ್. ಮೂಲ ತಂತ್ರಾಂಶವು ತನ್ನ ಕೆಲಸದ ನಡುವೆ ಅಲ್ಲಲ್ಲಿ ಕೊಂಡಿಗಳನ್ನು ಬಿಟ್ಟಿರುತ್ತದೆ. ಪ್ಲಗಿನ್ ಆ ಕೊಂಡಿಗಳಿಗೆ ತಗಲಿಕೊಂಡು ತನ್ನ ಕೆಲಸ ಮಾಡುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮೊಬೈಲ್ ಫೋನಿನ ಆಪ್ ಒಂದು ಕ್ಯಾಮೆರಾ ಅಥವಾ ಸಂಪರ್ಕ ಪಟ್ಟಿಯನ್ನು ಬಳಸುವ ಮೊದಲು ಅನುಮತಿ ಕೇಳುತ್ತದೆ. ವರ್ಡ್‌ಪ್ರೆಸ್ ಪ್ಲಗಿನ್ ಹಾಗೆ ಕೇಳುವುದಿಲ್ಲ. ಒಮ್ಮೆ ಸಕ್ರಿಯಗೊಳಿಸಿದರೆ ಮೂಲ ತಂತ್ರಾಂಶಕ್ಕಿರುವ ಅಧಿಕಾರವೆಲ್ಲ ಅದಕ್ಕೂ ದೊರೆಯುತ್ತದೆ. ಗ್ರಾಹಕರ ಹೆಸರು, ದೂರವಾಣಿ ಸಂಖ್ಯೆ, ವಿಳಾಸ, ಖರೀದಿಯ ವಿವರಗಳಿರುವ ದತ್ತಸಂಚಯವನ್ನು ಅದು ಓದಬಲ್ಲದು, ಬದಲಿಸಲೂಬಲ್ಲದು. ಆದ್ದರಿಂದ ಪ್ಲಗಿನ್ ಸೇರಿಸುವುದೆಂದರೆ ಅಪರಿಚಿತರೊಬ್ಬರಿಗೆ ಅಂಗಡಿಯ ಬೀಗದ ಕೈ ಕೊಟ್ಟಂತೆ.

ಯಾವುವು ಬೇಕು?

ಸಣ್ಣ ವ್ಯಾಪಾರಕ್ಕೆ ಅಗತ್ಯವಾದ ಪ್ಲಗಿನ್‌ಗಳು ಬೆರಳೆಣಿಕೆಯಷ್ಟು ಮಾತ್ರ.

* ಬ್ಯಾಕಪ್: ತಾಣದ ಕಡತಗಳು ಮತ್ತು ದತ್ತಸಂಚಯದ ಪ್ರತಿಯನ್ನು ನಿಯಮಿತವಾಗಿ ತೆಗೆದಿಡಲು. ಅಪ್‌ಡ್ರಾಫ್ಟ್‌ಪ್ಲಸ್ ಇದಕ್ಕೆ ಉದಾಹರಣೆ. ಪ್ರತಿಯನ್ನು ಅದೇ ಸರ್ವರ್‌ನಲ್ಲಿಟ್ಟರೆ ಪ್ರಯೋಜನವಿಲ್ಲ, ಬೇರೆಡೆ ಇಡಬೇಕು.

* ಸಂಪರ್ಕ ನಮೂನೆ: ಕಾಂಟ್ಯಾಕ್ಟ್ ಫಾರ್ಮ್ 7 ಜನಪ್ರಿಯವಾದರೂ, ಬಂದ ಸಂದೇಶವನ್ನು ಅದು ಇ-ಮೇಲ್ ಮೂಲಕ ಕಳುಹಿಸುತ್ತದೆಯೇ ಹೊರತು ತಾನಾಗಿ ಉಳಿಸಿಕೊಳ್ಳುವುದಿಲ್ಲ. ಇ-ಮೇಲ್ ತಲುಪದಿದ್ದರೆ ಗ್ರಾಹಕರ ವಿಚಾರಣೆಯೂ ಕಳೆದುಹೋದಂತೆ. ಸಂದೇಶಗಳನ್ನು ಉಳಿಸಲು ಫ್ಲೆಮಿಂಗೋ ಎಂಬ ಜೊತೆ ಪ್ಲಗಿನ್ ಇದೆ.

* ಅನಪೇಕ್ಷಿತ ಸಂದೇಶ ತಡೆ: 2005ರಲ್ಲಿ ಬಂದ ಅಕಿಸ್ಮೆಟ್ ಹೆಸರುವಾಸಿ. ವೈಯಕ್ತಿಕ ತಾಣಗಳಿಗೆ ಉಚಿತವಾಗಿ ದೊರೆಯುವ ಇದರ ಸೇವೆಗೆ ವಾಣಿಜ್ಯ ತಾಣಗಳು ಶುಲ್ಕ ತೆರಬೇಕು.

* ಮಾರಾಟ: ತಾಣದಲ್ಲಿಯೇ ಸರಕು ಮಾರುವವರಿಗೆ 2011ರಲ್ಲಿ ಬಿಡುಗಡೆಯಾದ ವೂಕಾಮರ್ಸ್ ಇದೆ. ಹಣ ಪಾವತಿಗೆ ಬೆಂಗಳೂರಿನ ರೇಜರ್‌ಪೇಯಂತಹ ಸಂಸ್ಥೆಗಳು ಅದಕ್ಕೆ ಹೊಂದುವ ಪ್ಲಗಿನ್ ಒದಗಿಸುತ್ತವೆ. ಸರಕಿನ ಚಿತ್ರ ತೋರಿಸಿ ದೂರವಾಣಿಯಲ್ಲಿಯೇ ವ್ಯವಹಾರ ಕುದುರಿಸುವವರಿಗೆ ಇವೆರಡೂ ಅನಗತ್ಯ.

ಆಯ್ಕೆ ಹೇಗೆ?

ವರ್ಡ್‌ಪ್ರೆಸ್‌ನ ಅಧಿಕೃತ ಭಂಡಾರದಲ್ಲಿ ಹತ್ತಾರು ಸಾವಿರ ಉಚಿತ ಪ್ಲಗಿನ್‌ಗಳಿವೆ. ಪ್ರತಿಯೊಂದರ ಪುಟದಲ್ಲಿಯೂ ಕೊನೆಯ ಬಾರಿ ಪರಿಷ್ಕರಿಸಿದ ದಿನ, ವರ್ಡ್‌ಪ್ರೆಸ್‌ನ ಯಾವ ಆವೃತ್ತಿಯವರೆಗೆ ಪರೀಕ್ಷಿಸಲಾಗಿದೆ ಎಂಬ ವಿವರ, ಬಳಸುತ್ತಿರುವ ತಾಣಗಳ ಅಂದಾಜು ಸಂಖ್ಯೆ ಮತ್ತು ಬಳಕೆದಾರರ ಅಭಿಪ್ರಾಯ ಕಾಣಸಿಗುತ್ತವೆ. ಒಂದೆರಡು ವರ್ಷಗಳಿಂದ ಪರಿಷ್ಕರಣೆ ಕಾಣದ ಪ್ಲಗಿನ್‌ನಿಂದ ದೂರವಿರುವುದು ಲೇಸು. ಹಣ ಕೊಟ್ಟು ಪಡೆಯಬೇಕಾದ ಪ್ಲಗಿನ್‌ಗಳ ಪುಕ್ಕಟೆ ಪ್ರತಿಗಳನ್ನು ಹಂಚುವ ತಾಣಗಳೂ ಉಂಟು. ಅಲ್ಲಿನ ಪ್ರತಿಗಳಲ್ಲಿ ಹಿಂಬಾಗಿಲು ತೆರೆಯುವ ಸಂಕೇತಗಳನ್ನು ಅಡಗಿಸಿಡುವುದುಂಟು. ಅವುಗಳ ಗೊಡವೆಗೇ ಹೋಗಬಾರದು.

ಎರಡು ಪಾಠಗಳು

ಜನಪ್ರಿಯತೆಯೊಂದೇ ಸುರಕ್ಷತೆಯ ಖಾತರಿಯಲ್ಲ. ಸುಮಾರು 2 ಲಕ್ಷ ತಾಣಗಳು ಬಳಸುತ್ತಿದ್ದ ಡಿಸ್‌ಪ್ಲೇ ವಿಡ್ಜೆಟ್ಸ್ ಎಂಬ ಪ್ಲಗಿನ್ 2017ರಲ್ಲಿ ಮೂಲ ತಯಾರಕರಿಂದ ಬೇರೆಯವರಿಗೆ ಮಾರಾಟವಾಯಿತು. ಆನಂತರದ ಪರಿಷ್ಕರಣೆಗಳಲ್ಲಿ, ತಾಣಗಳಲ್ಲಿ ಅನಪೇಕ್ಷಿತ ಬರಹಗಳನ್ನು ತೂರಿಸುವ ಸಂಕೇತ ಪತ್ತೆಯಾಗಿ ಅದನ್ನು ಭಂಡಾರದಿಂದ ತೆಗೆದುಹಾಕಲಾಯಿತು. ಭಂಡಾರದಿಂದ ತೆಗೆದ ಮಾತ್ರಕ್ಕೆ ಈಗಾಗಲೇ ಅಳವಡಿಸಿದ ತಾಣಗಳಿಂದ ಪ್ಲಗಿನ್ ಮರೆಯಾಗುವುದಿಲ್ಲ. ಅದು ಅಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ.

2020ರ ಸೆಪ್ಟೆಂಬರ್‌ನಲ್ಲಿ ನಡೆದದ್ದು ಬೇರೆಯೇ ಬಗೆಯದು. ಸುಮಾರು 7 ಲಕ್ಷ ತಾಣಗಳಲ್ಲಿದ್ದ ಫೈಲ್ ಮ್ಯಾನೇಜರ್ ಪ್ಲಗಿನ್‌ನ ದೋಷವೊಂದರಿಂದ, ಲಾಗಿನ್ ಆಗದವರೂ ಸರ್ವರ್‌ಗೆ ಕಡತಗಳನ್ನು ಸೇರಿಸಿ ತಾಣವನ್ನು ವಶಪಡಿಸಿಕೊಳ್ಳಬಹುದಾಗಿತ್ತು. ತಯಾರಕರು ಬೇಗನೆ ದೋಷ ಸರಿಪಡಿಸಿದರೂ, ಪರಿಷ್ಕರಿಸಿಕೊಳ್ಳದ ತಾಣಗಳ ಮೇಲೆ ದಾಳಿ ಮುಂದುವರಿಯಿತು.

ಅಳವಡಿಸುವ ಕ್ರಮ

ಮೊದಲು ಬ್ಯಾಕಪ್ ತೆಗೆಯಬೇಕು. ನಂತರ ಡ್ಯಾಶ್‌ಬೋರ್ಡ್‌ನ ಪ್ಲಗಿನ್ ವಿಭಾಗಕ್ಕೆ ಹೋಗಿ, ಬೇಕಾದುದನ್ನು ಹುಡುಕಿ, ಇನ್‌ಸ್ಟಾಲ್ ಮಾಡಿ ಸಕ್ರಿಯಗೊಳಿಸಬೇಕು. ಒಂದು ಬಾರಿಗೆ ಒಂದೇ ಪ್ಲಗಿನ್ ಸೇರಿಸಿದರೆ, ತೊಂದರೆಯಾದಾಗ ಕಾರಣ ಯಾವುದೆಂದು ಹುಡುಕಬೇಕಾಗಿ ಬರುವುದಿಲ್ಲ. ಬಳಿಕ ಮೊಬೈಲಿನಲ್ಲಿಯೂ ತಾಣವನ್ನು ತೆರೆದು ನೋಡಬೇಕು. ನಮೂನೆಯ ಮೂಲಕ ಕನ್ನಡದಲ್ಲೊಂದು ಸಂದೇಶ ಕಳುಹಿಸಿ, ಅಕ್ಷರಗಳು ಸರಿಯಾಗಿ ತಲುಪುತ್ತವೆಯೇ ಎಂದು ಪರೀಕ್ಷಿಸಬೇಕು.

ಹೊಸ ಪ್ಲಗಿನ್‌ನಿಂದ ತಾಣವೇ ನಿಂತುಹೋದರೆ ಗಾಬರಿಯಾಗಬೇಕಿಲ್ಲ. 2019ರಲ್ಲಿ ಬಂದ 5.2 ಆವೃತ್ತಿಯಿಂದೀಚೆಗೆ, ಗಂಭೀರ ದೋಷ ಕಂಡುಬಂದಾಗ ವರ್ಡ್‌ಪ್ರೆಸ್ ನಿರ್ವಾಹಕರ ಇ-ಮೇಲ್ ವಿಳಾಸಕ್ಕೆ ಒಂದು ಕೊಂಡಿ ಕಳುಹಿಸುತ್ತದೆ. ಅದರ ಮೂಲಕ ಒಳಹೋಗಿ ತೊಂದರೆ ಕೊಡುವ ಪ್ಲಗಿನ್ ಅನ್ನು ನಿಲ್ಲಿಸಬಹುದು. ಇದಕ್ಕಾಗಿ ಆ ವಿಳಾಸ ಮಾಲೀಕರದೇ ಆಗಿರಬೇಕು. ತಾಣ ಕಟ್ಟಿಕೊಟ್ಟವರ ವಿಳಾಸವೇ ಅಲ್ಲಿದ್ದರೆ ಇಂದೇ ಬದಲಿಸಿಕೊಳ್ಳುವುದು ಒಳಿತು.

2020ರ 5.5 ಆವೃತ್ತಿಯಿಂದ ಪ್ಲಗಿನ್‌ಗಳು ತಾವಾಗಿಯೇ ಪರಿಷ್ಕರಣೆಗೊಳ್ಳುವಂತೆ ಡ್ಯಾಶ್‌ಬೋರ್ಡ್‌ನಲ್ಲಿಯೇ ಗೊತ್ತುಪಡಿಸಬಹುದಾಗಿದೆ. ತಾಣದ ಕಡೆ ಆಗಾಗ ಗಮನಹರಿಸಲು ಬಿಡುವಿಲ್ಲದವರಿಗೆ ಇದು ಅನುಕೂಲ. ಆದರೆ ಮಾರಾಟ ಮತ್ತು ಪಾವತಿಯ ಪ್ಲಗಿನ್‌ಗಳನ್ನು ಬ್ಯಾಕಪ್ ತೆಗೆದು, ವಹಿವಾಟು ಕಡಿಮೆಯಿರುವ ಹೊತ್ತಿನಲ್ಲಿ ತಾವೇ ಪರಿಷ್ಕರಿಸಿ, ಪ್ರಾಯೋಗಿಕವಾಗಿ ಒಂದು ಖರೀದಿ ನಡೆಸಿ ನೋಡುವುದು ಸೂಕ್ತ.

ಬಳಸದ ಪ್ಲಗಿನ್‌ಗಳನ್ನು ನಿಷ್ಕ್ರಿಯಗೊಳಿಸಿದರಷ್ಟೇ ಸಾಲದು. ಅವುಗಳ ಕಡತಗಳು ಸರ್ವರ್‌ನಲ್ಲಿಯೇ ಉಳಿದಿರುವುದರಿಂದ ಪೂರ್ಣವಾಗಿ ಅಳಿಸಿಹಾಕಬೇಕು. ಮೂರು ತಿಂಗಳಿಗೊಮ್ಮೆ ಪ್ಲಗಿನ್‌ಗಳ ಪಟ್ಟಿಯನ್ನು ತೆರೆದು, ಪ್ರತಿಯೊಂದೂ ಏಕೆ ಇದೆ ಎಂದು ಕೇಳಿಕೊಳ್ಳಬೇಕು. ಉತ್ತರ ಸಿಗದ ಪ್ಲಗಿನ್ ತಾಣದಲ್ಲಿ ಇರಬೇಕಾಗಿಲ್ಲ.