ಕಾವಲಿನ ಹುಲ್ಲು, ಶಾಲೆಯ ಅಂಗಳ

ವಿದ್ಯಾರ್ಥಿ ಮಿತ್ರರೇ, ಇತಿಹಾಸವೆಂದರೆ ಕೋಟೆ ಕೊತ್ತಲ, ಯುದ್ಧಗಳ ಇಸವಿ ಮಾತ್ರವೆಂದು ತಿಳಿಯಬೇಡಿ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹುಲ್ಲಿಗೂ ಒಂದು ಇತಿಹಾಸವಿದೆ.

ಮೈಸೂರಿನ ಚಿಕ್ಕದೇವರಾಜ ಒಡೆಯರ (1673-1704) ಕಾಲದಲ್ಲಿ ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಿತ್ತು. ಹೈದರ್ ಅಲಿ ಈ ಎತ್ತುಗಳನ್ನು ಸೈನ್ಯದ ಸಾಗಾಟಕ್ಕೆ ಬಳಸಿದರು. ಟಿಪ್ಪು ಸುಲ್ತಾನರು ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟರು. ದನ ಮೇಯಲು ಮೀಸಲಿಟ್ಟ ಹುಲ್ಲುಗಾವಲುಗಳೇ ‘ಕಾವಲು’ಗಳು. ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆ ಬೇರೆ ಕಾವಲುಗಳಿದ್ದವು. ಒಂದೆಡೆ ದನ ಮೇಯುವಾಗ ಇನ್ನೊಂದೆಡೆ ಹುಲ್ಲು ಚಿಗುರಲು ಬಿಡುವು ಸಿಗುತ್ತಿತ್ತು. ಅಜ್ಜಂಪುರ, ಬೀರೂರು, ಬಾಸೂರು, ಲಿಂಗದಹಳ್ಳಿಗಳು ಈ ತಳಿಯ ಹೆಸರಿನೊಡನೆ ಬೆರೆತ ಊರುಗಳು.

ಕಾಲಕ್ರಮೇಣ ಅನೇಕ ಕಾವಲುಗಳು ಸಾಗುವಳಿಗೂ ನೆಡುತೋಪುಗಳಿಗೂ ಹೋದವು. ಮರವಿಲ್ಲದ ನೆಲವೆಲ್ಲ ಬಂಜರು ಎಂಬ ತಪ್ಪು ತಿಳುವಳಿಕೆಯೂ ಇದಕ್ಕೆ ಕಾರಣ. ಆದರೆ ಆ ‘ಬಂಜರಿ’ನಲ್ಲೇ ಕೃಷ್ಣಮೃಗ, ತೋಳಗಳು ಬದುಕುತ್ತವೆ. ಆದ್ದರಿಂದಲೇ ಕಡೂರು ತಾಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಇದಕ್ಕೂ ಶಾಲೆಗೂ ಏನು ಸಂಬಂಧ ಎನ್ನುವಿರಾ? 1937ರಲ್ಲಿ ಗಾಂಧೀಜಿಯವರ ವಾರ್ಧಾ ಶಿಕ್ಷಣ ಯೋಜನೆಯ ಸಮಿತಿಗೆ ಡಾ. ಜಾಕಿರ್ ಹುಸೇನ್ ಅಧ್ಯಕ್ಷರಾಗಿದ್ದರು. ಮಗು ಕೈಕೆಲಸದ ಮೂಲಕ ಕಲಿಯಬೇಕೆಂಬುದು ಅದರ ತಿರುಳು. ತೋಟಗಾರಿಕೆಯೂ ಆ ಕೆಲಸಗಳಲ್ಲೊಂದು. 2001-02ರಲ್ಲಿ ಆರಂಭವಾದ ರಾಷ್ಟ್ರೀಯ ಹಸಿರು ಪಡೆ ಶಾಲೆಗಳಲ್ಲಿ ಪರಿಸರ ಸಂಘಗಳನ್ನು ತಂದಿತು. ಆದರೂ 1950ರಿಂದ ನಡೆದುಬಂದ ವನಮಹೋತ್ಸವದಲ್ಲಿ ನಾವು ಎಷ್ಟೋ ಸಲ ಆಸ್ಟ್ರೇಲಿಯಾ ಮೂಲದ ಅಕೇಶಿಯಾವನ್ನೇ ನೆಟ್ಟು ಚಪ್ಪಾಳೆ ತಟ್ಟುತ್ತೇವೆ.

ಓದುಗರೇ, ಶಾಲೆಯ ಅಂಗಳದ ಒಂದು ಮೂಲೆಯನ್ನು ನಮ್ಮ ಸೀಮೆಯ ಗಿಡಗಳಿಗೇ ಬಿಟ್ಟುಕೊಡಿ. ಬೇಲಿಯಲ್ಲಿ ತಂಗಡಿ, ಬಂದರಿಕೆ; ಮೂಲೆಯಲ್ಲಿ ಯಲಚಿ, ಮುತ್ತುಗ; ನಡುವೆ ನಾಲ್ಕು ಮಾರು ಜಾಗದಲ್ಲಿ ಊರಿನದೇ ಹುಲ್ಲು. ತಂಗಡಿಯ ಎಲೆ ತಿಂದು ಬೆಳೆಯುವ ಚಿಟ್ಟೆಯ ಹುಳು ವಿಜ್ಞಾನದ ಪಾಠವಾದೀತು. ಮಳೆಗೆ ಮೊದಲು, ನಂತರ ಹುಲ್ಲಿನ ಎತ್ತರ ಅಳೆಯುವುದು ಗಣಿತವಾದೀತು. ಕನ್ನಡದ ಯಲಚಿ ಉರ್ದುವಿನ ಬೇರ್, ಕನ್ನಡದ ಬೇವು ಉರ್ದುವಿನ ನೀಮ್ ಎಂದು ಬರೆದ ಫಲಕ ಭಾಷೆಯ ಪಾಠವಾದೀತು. ಕಾವಲಿನ ಕಥೆ ಹೇಳಿದರೆ ಅದೇ ಇತಿಹಾಸದ ತರಗತಿ.

ಹೆಸರು ತಿಳಿಯದ ಗಿಡವನ್ನು ಯಾರೂ ಉಳಿಸಲಾರರು. ಹುಲ್ಲನ್ನು ಗುರುತಿಸಬಲ್ಲ ಮಗು ಮಾತ್ರ ನಾಳೆ ದೊಡ್ಡವನಾದಾಗ ಕಾವಲನ್ನು ಬಂಜರೆನ್ನಲಾರದು. ಬರುವ ಮುಂಗಾರಿಗೆ ನಿಮ್ಮ ಶಾಲೆಯಲ್ಲಿ ಆ ಮೂಲೆ ಸಿದ್ಧವಾಗಲಿ.