ಕೋಳಿವಾಡ, ಕೆ. ಬಿ.

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕ್ಷೇತ್ರದಿಂದ ಐದು ಸಲ ಆರಿಸಿಬಂದ ಶಾಸಕ, ಕಾಂಗ್ರೆಸ್ ಮುಖಂಡ. 2016ರ ಜುಲೈಯಿಂದ 2018ರ ಮೇವರೆಗೆ ಕರ್ನಾಟಕ ವಿಧಾನಸಭೆಯ ಅಧ್ಯಕ್ಷ. ಗೆದ್ದ ವರ್ಷಗಳು 1972, 1985, 1989, 1999 ಮತ್ತು 2013. ಮೊದಲ ಮೂರು ಗೆಲುವುಗಳ ಕಾಲಕ್ಕೆ ರಾಣೆಬೆನ್ನೂರು ಧಾರವಾಡ ಜಿಲ್ಲೆಗೆ ಸೇರಿತ್ತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಸತತವಾಗಿ ಎರಡು ಸಲ ಗೆದ್ದದ್ದು 1985 ಮತ್ತು 1989ರಲ್ಲಿ ಮಾತ್ರ. 2004 ಮತ್ತು 2008ರಲ್ಲಿ ಕ್ಷೇತ್ರ ಬಿಜೆಪಿಯ ಜಿ. ಶಿವಣ್ಣ ಅವರ ಪಾಲಾಯಿತು. ಮೊದಲ ಗೆಲುವಿಗೂ ಕೊನೆಯದಕ್ಕೂ ನಡುವೆ 41 ವರ್ಷ ಕಳೆದಿದ್ದರೂ, ಬಿಟ್ಟು ಬಿಟ್ಟು ಬಂದ ಈ ಗೆಲುವುಗಳನ್ನು ನೋಡಿದರೆ ರಾಣೆಬೆನ್ನೂರಿನ ಮತದಾರರು ಯಾರಿಗೂ ಕ್ಷೇತ್ರವನ್ನು ಬರೆದುಕೊಟ್ಟಿರಲಿಲ್ಲ ಎಂಬುದು ತಿಳಿಯುತ್ತದೆ.

ಇಷ್ಟು ಅವಧಿಯ ಶಾಸಕರು ಯಾವ ಮಸೂದೆಯ ಪರ ನಿಂತರು, ಯಾವುದನ್ನು ವಿರೋಧಿಸಿದರು ಎಂದು ಹುಡುಕಹೊರಟವರಿಗೆ ಸದನದ ಕಡತಗಳಲ್ಲಿ ಸಿಗುವುದು ಅತ್ಯಲ್ಪ. ಇದು ಕೋಳಿವಾಡರೊಬ್ಬರ ಮಾತಲ್ಲ. ವಿಧಾನಸಭೆಯಲ್ಲಿ ಬಹುತೇಕ ಮಸೂದೆಗಳು ಧ್ವನಿಮತದಿಂದಲೇ ಅಂಗೀಕಾರವಾಗುತ್ತವೆ. ಹೌದೆಂದವರು ಯಾರು, ಅಲ್ಲವೆಂದವರು ಯಾರು ಎಂಬುದು ಹೆಸರು ಹಿಡಿದು ದಾಖಲಾಗುವುದಿಲ್ಲ. ಮತ ವಿಭಜನೆಗೆ ಒತ್ತಾಯಿಸಿದಾಗ ಮಾತ್ರ ಸಾಲುಸಾಲಾಗಿ ತಲೆ ಎಣಿಸುತ್ತಾರೆ. 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿ ಪಕ್ಷಾಂತರ ನಿಷೇಧ ಜಾರಿಗೆ ಬಂದ ಮೇಲಂತೂ ಪಕ್ಷದ ವಿಪ್ ಮೀರಿ ಮತ ಹಾಕಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಸಭಾಧ್ಯಕ್ಷರಿಗಾದರೆ ಮೊದಲ ಸುತ್ತಿನಲ್ಲಿ ಮತವೇ ಇಲ್ಲ. ಸಂವಿಧಾನದ 189ನೇ ವಿಧಿಯಂತೆ ಎರಡೂ ಕಡೆ ಸಮನಾದಾಗಷ್ಟೇ ಅವರು ನಿರ್ಣಾಯಕ ಮತ ಚಲಾಯಿಸಬೇಕು. ಮಸೂದೆ ಮಂಡಿಸುವವರು ಹೆಚ್ಚಾಗಿ ಮಂತ್ರಿಗಳೇ. ಖಾಸಗಿ ಸದಸ್ಯರ ಮಸೂದೆ ಕಾಯ್ದೆಯಾಗುವುದು ತೀರ ಅಪರೂಪ. ಸಂಸತ್ತಿನಲ್ಲಿಯೇ 1970ರ ನಂತರ ಅಂಥದ್ದೊಂದೂ ಎರಡೂ ಸದನಗಳನ್ನು ದಾಟಿಲ್ಲ. ಹಾಗಾಗಿ ನಮ್ಮಲ್ಲಿ ಶಾಸಕರೊಬ್ಬರ ಕೆಲಸವನ್ನು ಅಳೆಯಬೇಕಾದರೆ ಸಮಿತಿಗಳ ವರದಿ ನೋಡಬೇಕು, ಪೀಠದಿಂದ ಕೊಟ್ಟ ರೂಲಿಂಗ್ ನೋಡಬೇಕು.

ಆ ಲೆಕ್ಕದಲ್ಲಿ ಕೋಳಿವಾಡರ ಗಟ್ಟಿ ಕೆಲಸವೆಂದರೆ ಕೆರೆ ಒತ್ತುವರಿ ಕುರಿತ ಸದನ ಸಮಿತಿಯದು. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ಕೆರೆಗಳ ಒತ್ತುವರಿಯನ್ನು ಪರಿಶೀಲಿಸಲು ರಚನೆಯಾದ ಈ ಸಮಿತಿಗೆ ಅವರು ಸಭಾಧ್ಯಕ್ಷರಾಗುವ ಮೊದಲಿನಿಂದಲೂ ಅಧ್ಯಕ್ಷರಾಗಿದ್ದರು. 2017ರ ನವೆಂಬರಿನಲ್ಲಿ ಸದನಕ್ಕೆ ಬಂದ ವರದಿ 1,547 ಕೆರೆಗಳ ಲೆಕ್ಕ ಕೊಟ್ಟಿತು. ಒಟ್ಟು ಸುಮಾರು 57,900 ಎಕರೆ ಕೆರೆ ಜಮೀನಿನಲ್ಲಿ 10,700 ಎಕರೆಗೂ ಹೆಚ್ಚು ಒತ್ತುವರಿಯಾಗಿದೆ ಎಂಬುದು ಅದರ ನಿಷ್ಕರ್ಷೆ; ಅಂದರೆ ಐದೂವರೆ ಎಕರೆಗೆ ಒಂದರಂತೆ. ಒತ್ತುವರಿದಾರರಲ್ಲಿ ಖಾಸಗಿಯವರ ಜೊತೆಗೆ ಸರ್ಕಾರಿ ಸಂಸ್ಥೆಗಳೂ ಇದ್ದವು. ರಾಜಧಾನಿಯ ಭೂಮಿಯ ಬಗ್ಗೆ ಇದಕ್ಕೂ ಮೊದಲು ಎ. ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ವರದಿ ಕೊಟ್ಟಿತ್ತು. ಎರಡು ವರದಿಗಳೂ ತೋರಿಸಿದ್ದು ಒಂದೇ: ಶಾಸಕಾಂಗ ಲೆಕ್ಕ ಹಾಕಿ ಹೇಳಬಲ್ಲದು, ತೆರವು ಮಾಡಿಸಬೇಕಾದದ್ದು ಕಾರ್ಯಾಂಗ.

ಕಾಗೋಡು ತಿಮ್ಮಪ್ಪ ಸಿದ್ದರಾಮಯ್ಯ ಸಂಪುಟ ಸೇರಿದ್ದರಿಂದ ತೆರವಾದ ಪೀಠಕ್ಕೆ ಕೋಳಿವಾಡರು 2016ರ ಜುಲೈಯಲ್ಲಿ ಬಂದರು. ಎರಡೂವರೆ ತಿಂಗಳಿಗೇ ಕಾವೇರಿ ಬಿಕ್ಕಟ್ಟು ಎದುರಾಯಿತು. ಸೆಪ್ಟೆಂಬರ್ 23ರ ವಿಶೇಷ ಅಧಿವೇಶನದಲ್ಲಿ, ಜಲಾಶಯಗಳ ನೀರನ್ನು ಕುಡಿಯುವುದಕ್ಕಷ್ಟೇ ಬಳಸಬೇಕೆಂಬ ನಿರ್ಣಯಕ್ಕೆ ಸದನ ಒಮ್ಮತದಿಂದ ಒಪ್ಪಿತು. 2017ರ ಫೆಬ್ರುವರಿಯಲ್ಲಿ ಕಂಬಳಕ್ಕೆ ಅವಕಾಶ ಕೊಡುವ ತಿದ್ದುಪಡಿ ಮಸೂದೆ, ಅದೇ ವರ್ಷದ ನವೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಮೌಢ್ಯಾಚರಣೆ ತಡೆ ಮಸೂದೆ ಹಾಗೂ ವೈದ್ಯರ ಮುಷ್ಕರಕ್ಕೆ ಕಾರಣವಾಗಿದ್ದ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮಸೂದೆ ಅಂಗೀಕಾರವಾದದ್ದು ಅವರು ಪೀಠದಲ್ಲಿದ್ದ ಅವಧಿಯಲ್ಲೇ.

ಹೆಚ್ಚು ಟೀಕೆಗೆ ಗುರಿಯಾದದ್ದು ಹಕ್ಕುಚ್ಯುತಿ ಪ್ರಕರಣ. ಶಾಸಕರ ವಿರುದ್ಧ ಪ್ರಕಟವಾದ ಬರಹಗಳಿಗಾಗಿ 'ಹಾಯ್ ಬೆಂಗಳೂರ್' ಸಂಪಾದಕ ರವಿ ಬೆಳಗೆರೆ ಮತ್ತು 'ಯಲಹಂಕ ವಾಯ್ಸ್' ಸಂಪಾದಕ ಅನಿಲ್ ರಾಜ್ ಅವರಿಗೆ ಒಂದು ವರ್ಷ ಜೈಲು, ತಲಾ 10,000 ರೂಪಾಯಿ ದಂಡ ವಿಧಿಸಬೇಕೆಂಬ ಹಕ್ಕುಬಾಧ್ಯತಾ ಸಮಿತಿಯ ಶಿಫಾರಸನ್ನು ಸದನ 2017ರ ಜೂನ್ 21ರಂದು ಒಪ್ಪಿತು. ಆ ಬರಹಗಳಲ್ಲಿ ಒಂದು, ಸಭಾಧ್ಯಕ್ಷರಾಗುವ ಮೊದಲು ಸ್ವತಃ ಕೋಳಿವಾಡರ ಮೇಲೆ ಬಂದದ್ದು. ಸಂವಿಧಾನದ 194ನೇ ವಿಧಿ ಸದನಕ್ಕೆ ವಿಶೇಷ ಹಕ್ಕುಗಳನ್ನು ಕೊಡುತ್ತದೆ ನಿಜ. ಆದರೆ ಅವುಗಳನ್ನು ಕಾಯ್ದೆಯ ಮೂಲಕ ವಿವರಿಸುವ ಕೆಲಸವನ್ನು ನಮ್ಮ ಶಾಸನಸಭೆ ಮಾಡಿಲ್ಲ. ದೂರುದಾರರ ಕಡೆಯವರೇ ತೀರ್ಪುಗಾರರಾಗುವ ಸಂದರ್ಭ ಹುಟ್ಟುವುದು ಆ ಕೊರತೆಯಿಂದ. ಪತ್ರಿಕಾಲೋಕ ಪ್ರತಿಭಟಿಸಿತು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಮರುಪರಿಶೀಲನೆಯ ಕೋರಿಕೆ ಬಂದರೂ ಸದನ ಪಟ್ಟು ಸಡಿಲಿಸಲಿಲ್ಲ.

ಅದೇ ವರ್ಷದ ವಿಧಾನಸೌಧ ವಜ್ರಮಹೋತ್ಸವವೂ ಚರ್ಚೆಗೆ ಸಿಕ್ಕಿತು. ಸುಮಾರು 26 ಕೋಟಿ ರೂಪಾಯಿಯ ಪ್ರಸ್ತಾವವನ್ನು ಮುಖ್ಯಮಂತ್ರಿ 10 ಕೋಟಿಗೆ ಇಳಿಸಿದರು. ಅಕ್ಟೋಬರ್ 25ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಉಭಯ ಸದನಗಳ ಜಂಟಿ ಅಧಿವೇಶನವನ್ನುದ್ದೇಶಿಸಿ ಮಾತನಾಡಿದರು.

2018ರ ಚುನಾವಣೆಯಲ್ಲಿ ಕೋಳಿವಾಡರು ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷದ (ಕೆಪಿಜೆಪಿ) ಆರ್. ಶಂಕರ್ ಎದುರು ಸೋತರು. ಪೀಠದಲ್ಲಿ ಕೂತವರು ಮುಂದಿನ ಚುನಾವಣೆಯಲ್ಲಿ ಸೋಲುವುದು ಕರ್ನಾಟಕದಲ್ಲಿ ಹೊಸದಲ್ಲ. ಇತ್ತ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರದಲ್ಲಿ ಮಂತ್ರಿಯಾದ ಶಂಕರ್ ಅವರನ್ನು ಪಕ್ಷಾಂತರ ನಿಷೇಧದಡಿ 2019ರ ಜುಲೈ 25ರಂದು ಸಭಾಧ್ಯಕ್ಷ ಕೆ. ಆರ್. ರಮೇಶ್ ಕುಮಾರ್ ಅನರ್ಹಗೊಳಿಸಿದರು. ಮೂರು ದಿನಗಳ ನಂತರ ಅನರ್ಹರಾದವರಲ್ಲಿ ಇದೇ ಜಿಲ್ಲೆಯ ಹಿರೇಕೆರೂರಿನ ಬಿ. ಸಿ. ಪಾಟೀಲರೂ ಇದ್ದರು. ಅದಕ್ಕೆ ಮುಂಚೆ, ಜುಲೈ 23ರ ವಿಶ್ವಾಸಮತದಲ್ಲಿ ಸರ್ಕಾರದ ಪರ 99, ವಿರುದ್ಧ 105 ಮತ ಬಿದ್ದಿದ್ದವು. ಅನರ್ಹತೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್ ಮರುಸ್ಪರ್ಧೆಗೆ ಅವಕಾಶ ಕೊಟ್ಟಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಪಾಟೀಲರು ಬಿಜೆಪಿಯಿಂದ ಗೆದ್ದುಬಂದರು. ಶಂಕರ್ ಅವರಿಗೆ ಟಿಕೆಟ್ ಸಿಗಲಿಲ್ಲ. ರಾಣೆಬೆನ್ನೂರಿನಲ್ಲಿ ಮತ್ತೆ ಕಣಕ್ಕಿಳಿದ ಕೋಳಿವಾಡರನ್ನು ಬಿಜೆಪಿಯ ಅರುಣಕುಮಾರ ಸೋಲಿಸಿದರು.

2023ರಲ್ಲಿ ಅವರ ಮಗ ಪ್ರಕಾಶ ಕೋಳಿವಾಡ ಕಾಂಗ್ರೆಸ್ಸಿನಿಂದ ಗೆದ್ದು ಕ್ಷೇತ್ರವನ್ನು ಮರಳಿ ಪಡೆದರು. ಮಳೆ ಕೈಕೊಟ್ಟ ಆ ವರ್ಷ ಅವರು ಹಾವೇರಿ ಭಾಗದಲ್ಲಿ ಮೋಡಬಿತ್ತನೆ ಮಾಡಿಸಿದರು. ಮುಂದೆ ಅದೇ ವಿಷಯದ ಮೇಲೆ ಖಾಸಗಿ ಸದಸ್ಯರ ಮಸೂದೆಯೊಂದನ್ನು ವಿಧಾನಸಭೆಯ ಮುಂದಿಟ್ಟರು.