‘ಫುಲ್ ಫ್ರೇಮ್’ ಕಿರುಕ್ಯಾಮರಾ: ಒಂದು ಅಳತೆಯ ಚರಿತ್ರೆ

ಡಿಜಿಟಲ್ ಛಾಯಾಗ್ರಹಣದಲ್ಲಿ ‘ಫುಲ್ ಫ್ರೇಮ್’, ಎಂದರೆ ಪೂರ್ಣ ಚೌಕಟ್ಟು, ಎಂಬುದು ಹಿರಿಮೆಯ ಹೆಸರಾಗಿದೆ. ಚಿಕ್ಕ ಸೆನ್ಸರಿನ ಕ್ಯಾಮರಾವನ್ನು ಬಿಟ್ಟು ಇದನ್ನು ಕೊಳ್ಳುವವರು ಅಪೂರ್ಣದಿಂದ ಪೂರ್ಣಕ್ಕೆ ಏರಿದೆವೆಂದು ಭಾವಿಸುವುದುಂಟು. ಆದರೆ ೨೪ × ೩೬ ಮಿಲಿಮೀಟರುಗಳ ಈ ಅಳತೆಯು ಹುಟ್ಟಿದುದೇ ಕಿರಿದುತನದ ಅಪೇಕ್ಷೆಯಿಂದ ಎಂಬುದು ವಿಚಾರಾರ್ಹವಾದ ಸಂಗತಿ.

೨೦ನೆಯ ಶತಮಾನದ ಆದಿಯಲ್ಲಿ ಗಾಜಿನ ಫಲಕಗಳನ್ನೂ ಭಾರವಾದ ಪೆಟ್ಟಿಗೆಯನ್ನೂ ಹೊತ್ತು ತಿರುಗುವುದು ಛಾಯಾಗ್ರಾಹಕರ ಪಾಡಾಗಿದ್ದಿತು. ಜರ್ಮನಿಯ ವೆಟ್ಸ್ಲಾರ್ ಪಟ್ಟಣದಲ್ಲಿ, ಸೂಕ್ಷ್ಮದರ್ಶಕಗಳಿಗೆ ಹೆಸರಾದ ಲೈಟ್ಸ್ ಕಾರ್ಖಾನೆಯಲ್ಲಿದ್ದ ಆಸ್ಕರ್ ಬಾರ್ನಾಕ್ ಎಂಬ ಯಂತ್ರಕುಶಲನು ಈ ಭಾರವನ್ನು ಇಳಿಸಲು ಚಲಚ್ಚಿತ್ರದ ೩೫ ಮಿಲಿಮೀಟರ್ ಅಗಲದ ಫಿಲ್ಮನ್ನು ಆರಿಸಿಕೊಂಡನು. ಅದರ ೧೮ × ೨೪ರ ಎರಡು ಚೌಕಗಳನ್ನು ಕೂಡಿಸಿದಾಗ ೨೪ × ೩೬ ಆಯಿತು. ನೆಗೆಟಿವ್ ಸಣ್ಣದಾಗಿರಲಿ, ಪ್ರತಿಯನ್ನು ಹಿಗ್ಗಿಸಿಕೊಳ್ಳಬಹುದು ಎಂಬುದು ಅವನ ತತ್ತ್ವ. ೧೯೧೩-೧೪ರ ವೇಳೆಗೆ ಮಾದರಿಯು ಸಿದ್ಧವಾಗಿದ್ದರೂ ನಡುವೆ ಮಹಾಯುದ್ಧವು ಒದಗಿದುದರಿಂದ, ‘ಲೈಕಾ’ ಎಂಬ ಹೆಸರಿನಿಂದ ಅದು ಲೈಪ್ಸಿಗ್ ಜಾತ್ರೆಯಲ್ಲಿ ಜನರಿಗೆ ಕಂಡುದು ೧೯೨೫ರಲ್ಲಿ. ಇಂಗ್ಲಿಷರು ಈ ಜಾತಿಯ ಕ್ಯಾಮರಾವನ್ನು ಕರೆದುದು ‘ಮಿನಿಯೇಚರ್’ ಎಂದು.

ಇಂದು ‘ಪೂರ್ಣ’ವೆನಿಸಿರುವುದು ಅಂದು ‘ಕಿರಿದು’ ಎನಿಸಿದ್ದಿತು. ಈ ಅರ್ಥಪಲ್ಲಟಕ್ಕೆ ಕಾರಣವು ಸಿಲಿಕಾನಿನಲ್ಲಿದೆ. ಫಿಲ್ಮನ್ನು ಅಗಲಿಸುವುದು ಸುಲಭ. ಸೆನ್ಸರನ್ನು ಅಗಲಿಸಿದರೆ ಒಂದು ಸಿಲಿಕಾನ್ ಬಿಲ್ಲೆಯಲ್ಲಿ ದೊರೆಯುವ ಸಂಖ್ಯೆಯು ಕುಗ್ಗಿ, ದೋಷದಿಂದ ಕೆಡುವ ಭಾಗವು ಹೆಚ್ಚಿ, ಬೆಲೆಯು ಏರುತ್ತದೆ. ಆದುದರಿಂದ ಮೊದಲ ಡಿಜಿಟಲ್ ಕ್ಯಾಮರಾಗಳು ಸಣ್ಣ ಸೆನ್ಸರುಗಳಿಂದಲೇ ತೃಪ್ತಿಪಟ್ಟವು. ಸುಮಾರು ೧೬ × ೨೪ರ ಅಂಥ ಸೆನ್ಸರಿನ ಮೇಲೆ ಹಳೆಯ ೫೦ ಮಿಲಿಮೀಟರ್ ಮಸೂರವು ೭೫ರ ಮಸೂರದಂತೆ ಸಂಕುಚಿತವಾದ ನೋಟವನ್ನು ಕೊಡುತ್ತಿದ್ದಿತು. ಮಸೂರದ ಮೊದಲ ನೋಟವೆಲ್ಲ ಮರಳಿ ದೊರೆಯುವ ಅಳತೆಗೆ ‘ಪೂರ್ಣ’ವೆಂಬ ವಿಶೇಷಣವು ಅಂಟಿತು. ೨೦೦೨ರಲ್ಲಿ ಬಂದ ಕಾಂಟಾಕ್ಸ್ ಎನ್ ಡಿಜಿಟಲ್, ಕ್ಯಾನನ್ ಇಓಎಸ್-೧ಡಿಎಸ್‌ಗಳು ಅದನ್ನು ಸಾಧಿಸಿದವು; ಆದರೆ ಕ್ಯಾನನ್ನಿನ ಒಡಲು ಒಂದು ಕಿಲೋಗ್ರಾಮಿಗೂ ಮೀರಿ ತೂಗುತ್ತಿದ್ದಿತು. ಬಾರ್ನಾಕನು ಇಳಿಸಿದ ಹೊರೆಯು ಅವನ ಅಳತೆಯ ಹೆಸರಿನಲ್ಲಿಯೇ ಮರಳಿ ಬಂದಿತು.

ಅದು ಮತ್ತೆ ಇಳಿದುದು ಮೆಲ್ಲಮೆಲ್ಲನೆ. ೨೦೦೯ರ ಲೈಕಾ ಎಂ೯ ಕನ್ನಡಿಯಿಲ್ಲದ ಸಣ್ಣ ಒಡಲಿನಲ್ಲಿ ಪೂರ್ಣ ಅಳತೆಯನ್ನು ಅಡಗಿಸಿತು. ಅಂಚಿಗೆ ಓರೆಯಾಗಿ ಬೀಳುವ ಕಿರಣಗಳನ್ನು ಹಿಡಿಯಲು, ಸೆನ್ಸರಿನ ಮೇಲಣ ಸೂಕ್ಷ್ಮಮಸೂರಗಳನ್ನು ಅಂಚಿನ ಕಡೆಗೆ ಹೋದಂತೆ ಸ್ವಲ್ಪ ಸ್ವಲ್ಪ ಸರಿಸಿ ಕೂರಿಸಬೇಕಾಯಿತು. ೨೦೧೨ರಲ್ಲಿ ಸೋನಿ ಆರ್‌ಎಕ್ಸ್೧, ೨೦೧೩ರಲ್ಲಿ ಮಸೂರವನ್ನು ಬದಲಿಸಬಹುದಾದ ಎ೭, ೨೦೨೦ರಲ್ಲಿ ಎ೭ಸಿ ಬಂದವು. ಆರ್‌ಎಕ್ಸ್೧ ಮಸೂರಸಹಿತವಾಗಿಯೇ ಅರ್ಧ ಕಿಲೋಗ್ರಾಮಿಗಿಂತ ಹಗುರ.

ಹೀಗೆ ಕ್ಯಾಮರಾವನ್ನು ಬದಲಿಸುವವರಿಗೆ ದೊರೆಯುವ ಲಾಭವು ನಿಜವಾದುದೇ. ೮೬೪ ಚದರ ಮಿಲಿಮೀಟರುಗಳ ಸೆನ್ಸರು ಸುಮಾರು ೩೭೦ರ ಸೆನ್ಸರಿಗಿಂತ ಎರಡು ಪಾಲಿಗೂ ಹೆಚ್ಚು ಬೆಳಕನ್ನು ಒಂದೇ ತೆರಪಿನಲ್ಲಿ ಸಂಗ್ರಹಿಸುತ್ತದೆ. ಮಂದ ಬೆಳಕಿನ ಚಿತ್ರದಲ್ಲಿ ಚುಕ್ಕೆಗಳ ಕಲೆಯು ಕಡಿಮೆಯಾಗುತ್ತದೆ. ಆದರೆ ಒಡಲು ಕುಗ್ಗಿದಷ್ಟು ಮಸೂರವು ಕುಗ್ಗದು. ೪೩ ಮಿಲಿಮೀಟರಿನ ಕರ್ಣವನ್ನು ಬೆಳಗುವ ಹೊಣೆಯು ಅದಕ್ಕೆ ತಪ್ಪಿದುದಲ್ಲ. ಮಸೂರವನ್ನೂ ಕೂಡಿಸಿ ತೂಗಿದಲ್ಲದೆ ‘ಕಿರುಕ್ಯಾಮರಾ’ ಎಂಬ ಮಾತಿಗೆ ಬೆಲೆಯಿಲ್ಲ. ೨೦೧೭ರಲ್ಲಿ ಮಾರಾಟಕ್ಕೆ ಬಂದ ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ ೫೦ಎಸ್‌ನ ಸೆನ್ಸರು ೩೩ × ೪೪ ಮಿಲಿಮೀಟರುಗಳಷ್ಟು ವಿಸ್ತಾರವಾದುದು. ಪೂರ್ಣಕ್ಕಿಂತ ಹಿರಿದಾದುದೊಂದು ಇರುವಾಗ, ‘ಪೂರ್ಣ’ವೆಂಬುದು ಪರಿಮಾಣವಾಚಕವಲ್ಲ, ಹಳೆಯ ಫಿಲ್ಮಿನ ಸ್ಮೃತಿವಾಚಕವೆಂದು ತಿಳಿಯುವುದೇ ಯುಕ್ತ.